ಹದಿನಾಲ್ಕನೇ ದಿನದ ಕೆಮ್ಮು

ಕೆಮ್ಮು ಇದೆ ಎಂದು ಬರೆದುಬಿಡಲೇ? ಇಲ್ಲದ ಕೆಮ್ಮನ್ನು ಬರೆದರೆ ಸುಳ್ಳು. ಬರೆಯದಿದ್ದರೆ ಅವಳಿಗೆ ಮಾಡುವ ಮೋಸವೇ? ಫೋನಿನ ಆ ತುದಿಯಲ್ಲಿ ಮಧುಶ್ರೀ ಕಾಯುತ್ತಿದ್ದಳು. ಮಾದೇಶ ಫಾರಂ ಮೇಲೆ ಪೆನ್ನು ಊರಿ, ಮತ್ತೆ ಎತ್ತಿದ.

ಅವನು ಭೀಮನಬೀಡಿನ ಶಾಲೆಯ ಮೇಷ್ಟ್ರು. ಕೊರೊನಾ ಬಂದು ಶಾಲೆ ಮುಚ್ಚಿದ ಮೇಲೆ ಚಾಮರಾಜನಗರದ ಕಂಟ್ರೋಲ್ ರೂಮಿಗೆ ಹಾಕಿದ್ದರು. ಮನೆಯಲ್ಲೇ ಕ್ವಾರಂಟೈನ್ ಆದವರಿಗೆ ದಿನಾ ಫೋನ್ ಮಾಡಿ ಫಾರಂ ತುಂಬುವ ಕೆಲಸ. ಅವನ ಪಟ್ಟಿಯಲ್ಲಿ ಅವಳಿದ್ದಳು, ಕುದೇರಿನ ಟೀಚರ್. ಮನೆಮನೆ ಸರ್ವೆಗೆ ಹೋಗಿ, ಸೋಂಕಿತರ ಮನೆಯಲ್ಲಿ ನೀರು ಕುಡಿದು, ಈಗ ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಅವಳ ಮುಖವನ್ನು ಅವನು ಕಂಡಿರಲಿಲ್ಲ.

ಮೊದಮೊದಲು ಬರೀ ಪ್ರಶ್ನೆಗಳು.

“ಜ್ವರ ಇದ್ಯಾ ಮೇಡಂ?”

“ಇಲ್ಲ ಸಾರ್.”

“ಉಸಿರಾಟ?”

“ನಿಮ್ಮ ಫೋನ್ ಬಂದ್ಮೇಲೆ ಒಸಿ ಸಲೀಸು.”

ಅವಳು ನಕ್ಕಳು. ಅದನ್ನು ಯಾವ ಕಾಲಂನಲ್ಲಿ ಬರೆಯುವುದೆಂದು ಅವನು ಪೆನ್ನು ಹಿಡಿದು ಕೂತ.

ಆರನೇ ದಿನ ಫಾರಂನಲ್ಲಿ ಇಲ್ಲದ್ದನ್ನು ಕೇಳಿಬಿಟ್ಟ: “ಊಟ ಆಯ್ತಾ?”

“ಮೂರು ತಿಂಗಳಿಂದ ಎಲ್ರೂ ರಿಪೋರ್ಟ್ ಕೇಳ್ತಾರೆ ಸಾರ್. ಇದನ್ನ ಕೇಳಿದ್ದು ನೀವೊಬ್ರೇ.”

ಪಕ್ಕದ ಮೇಜಿನ ಗೋವಿಂದಯ್ಯ ಮೇಷ್ಟ್ರು ಬಿಡಲಿಲ್ಲ. “ಲೇ ಮಾದೇಸ, ಜ್ವರ ಕೇಳಕೆ ಅರ್ಧ ಗಂಟೆ ಬೇಕೇನ್ಲಾ? ಥರ್ಮಾಮೀಟ್ರೂ ಇಷ್ಟೊತ್ತು ತಗಳಲ್ಲ ಕಣ್ಲಾ!”

ಇವತ್ತು ಹದಿನಾಲ್ಕನೇ ದಿನ, ಅವಳ ಕ್ವಾರಂಟೈನಿನ ಕೊನೆಯ ದಿನ.

“ಕೆಮ್ಮು ಅಂತ ಬರ್ಕೊಳಿ ಸಾರ್. ಇನ್ನೊಂದು ವಾರ ಸಿಕ್ತದೆ.”

“ಕೆಮ್ಮು ಇದ್ಯಾ?”

“ಇಲ್ಲ. ಸರ್ವೆಗೆ ಹೋಗಕೆ ಭಯ ಆಯ್ತದೆ. ಜನ ಮುಖದ ಮೇಲೇ ಬಾಗ್ಲು ಹಾಕ್ತಾರೆ. ಇನ್ನೊಂದು ಕಾರಣಾನೂ ಅದೆ. ಅದು ನಿಮ್ಗೇ ಗೊತ್ತಾಗ್ಬೇಕು.”

ಗೊತ್ತಾಗಲಿಲ್ಲ. ಅಥವಾ ಗೊತ್ತಾದದ್ದನ್ನು ನಂಬಲಾಗಲಿಲ್ಲ. ದಣಿದವಳಿಗೆ ಬೇಕಾದದ್ದು ವಿಶ್ರಾಂತಿಯೋ, ತನ್ನ ದನಿಯೋ? ಯಾರ ದನಿಯಾದರೂ ಆಗುತ್ತಿತ್ತೋ? ಕೆಮ್ಮು ಎಂದು ಬರೆದರೆ ಸಂಜೆಗೆ ಆಂಬುಲೆನ್ಸ್ ಅವಳ ಬಾಗಿಲಿಗೆ ಬರುತ್ತದೆ. ಬೀದಿಯವರು ಕೋಣೆ ಖಾಲಿ ಮಾಡಿಸುತ್ತಾರೆ.

“ಬರ್ದ್ರಾ ಸಾರ್?”

“ಇಲ್ಲ ಅಂತ ಬರ್ದೆ ಮೇಡಂ.”

“ಓ... ಹಂಗಾದ್ರೆ ನಿಮ್ಮ ಪಟ್ಟಿಯಿಂದ ಹೋದೆ.” ನಗಲು ನೋಡಿದಳು, ನಗು ಬರಲಿಲ್ಲ.

ಅವಳು ಫೋನ್ ಇಡಲಿಲ್ಲ. ಅವನೂ ಇಡಲಿಲ್ಲ. ಗೋವಿಂದಯ್ಯ ಮೇಷ್ಟ್ರು ಮೊದಲ ಸಲ ತಮಾಷೆ ಬಿಟ್ಟು, “ಮಾತಾಡು ಕಣ್ಲಾ” ಎಂದು ಪಿಸುಗುಟ್ಟಿದರು.

ಸ್ವಲ್ಪ ಹೊತ್ತಿಗೆ ಅವಳೇ ಇಟ್ಟಳು.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ನಾಳೆ ಫೋನ್ ಮಾಡುತ್ತೇನೆ ಎಂದು ಮಾದೇಶ ಹೇಳಲೇ ಇಲ್ಲ.