ಒಂಬತ್ತನೇ ದಿನದ ಮಂಚ

ಯಾರಾದರೂ ಸತ್ತ ಒಂಬತ್ತನೇ ದಿನ ಅವರ ಮಂಚವನ್ನೂ ಮನೆಯ ಮೇಜುಗಳನ್ನೂ ತಿರುಗಿಸಿಡಬೇಕು. ಹೋದವರಿಗೆ ಮನೆಯ ಗುರುತು ಸಿಗಬಾರದು. ಜಮೈಕಾದಿಂದ ಈ ಕವೀತ ಎಂಬ ಊರಿನ ಕಡಲತೀರಕ್ಕೆ ಬಂದ ಮುತ್ತಜ್ಜಿಯರ ಕಾಲದಿಂದಲೂ ನಾವು ಹೀಗೇ ಮಾಡುತ್ತೇವೆ. ಐವಲೀನ್ ಅಜ್ಜಿ ಹೋದಾಗ ಆ ಕೆಲಸವನ್ನು ನನ್ನ ತಮ್ಮ ಆಲ್ರಿಕ್‌ಗೆ ಬಿಟ್ಟೆ.

ಮುಂದಿನ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ಕೇಳಿಸಿತು. ಅಜ್ಜಿ ಪ್ರತಿ ಭಾನುವಾರ ತುರಿಯುತ್ತಿದ್ದ ಹಾಗೆಯೇ ಮೂರು ಉಜ್ಜು, ಒಂದು ಕೆಮ್ಮು. ಮತ್ತೆ ಮೂರು ಉಜ್ಜು. ಹೋಗಿ ನೋಡಿದರೆ ಯಾರೂ ಇಲ್ಲ. ಅಜ್ಜಿ ಮೊಳೆಯಿಂದ ತೂತು ಹೊಡೆದುಕೊಂಡಿದ್ದ ತುರಿಯುವ ತಗಡು ಮಾತ್ರ ಒದ್ದೆಯಾಗಿ, ಮಂಜುಗಡ್ಡೆಯಂತೆ ತಣ್ಣಗಿತ್ತು.

“ಅಜ್ಜಿಯ ಮಂಚ ತಿರುಗಿಸಿದ್ಯೇನೋ, ಸೋಮಾರಿ?” ಎಂದು ಆಲ್ರಿಕ್‌ನನ್ನು ಕೇಳಿದೆ.

“ತಿರುಗಿಸ್ದೆ ಕಣಕ್ಕಾ! ಹೋಗಿ ನೋಡು, ಕಣ್ಣಿಲ್ವಾ?”

ನಿಜ, ಅದರ ತಲೆದೆಸೆ ಗೋಡೆ ಬಿಟ್ಟು ಸಮುದ್ರದ ಕಡೆಗಿತ್ತು. ಆದರೂ ಸಮಾಧಾನವಾಗದೆ ಕುರ್ಚಿ, ಒಲೆ, ನೀರಿನ ಡ್ರಮ್ಮನ್ನೂ ಎಳೆದಾಡಿ ಜಾಗ ಬದಲಿಸಿದೆ. ಸೊಂಟ ಬಿದ್ದುಹೋಯಿತು. ಮರುವಾರ ಮತ್ತೆ ಅದೇ ಉಜ್ಜು, ಅದೇ ಕೆಮ್ಮು.

ಮೂರನೇ ಭಾನುವಾರ ನನಗೆ ತಲೆಕೆಟ್ಟಿತು. “ಅಜ್ಜೀ, ಸಾಕು ಮಾಡು! ಇದು ಈಗ ನನ್ನ ಮನೆ. ಭಾನುವಾರದ ಕಾಳನ್ನಕ್ಕೆ ಕಾಯಿ ತುರಿಯೋಕೆ ನಾನಿದ್ದೀನಿ. ನೀನು ಹೊರಡು!” ಎಂದು ಕಿರುಚಿದೆ.

ಉಜ್ಜುವುದು ನಿಂತಿತು. ಕೆಮ್ಮು ಮಾತ್ರ ನನ್ನ ಬೆನ್ನ ಹಿಂದೆಯೇ ಕೇಳಿಸಿತು.

ಅದೇ ಸಿಟ್ಟಿನಲ್ಲಿ ಮಧ್ಯಾಹ್ನ ನನ್ನ ಕೋಣೆಗೆ ಒಳಗಿನಿಂದ ಚಿಲಕ ಹಾಕಿ, ಎಂದಿನಂತೆ ಗೋಡೆಯ ಕಡೆ ತಲೆಯಿಟ್ಟು ಮಲಗಿದೆ. ಎಚ್ಚರವಾದಾಗ ಹಾಕಿದ ಚಿಲಕ ಹಾಗೇ ಇತ್ತು. ಸಮುದ್ರದ ಗಾಳಿ ನೆತ್ತಿಗೆ ಬಡಿಯುತ್ತಿತ್ತು. ನಾನು ಮಲಗಿದ್ದ ಹಾಗೆಯೇ ಯಾರೋ ನನ್ನ ಮಂಚವನ್ನು ಅಜ್ಜಿಯ ಮಂಚದಂತೆಯೇ ತಿರುಗಿಸಿಟ್ಟಿದ್ದರು.