ಗೋಡೆಯ ಮೇಲಿನ ಇಸೊತ್ತಾ

"ಅಯ್ಯೋ ದೇವಮಾತೇ!"

ಪಿಸ್ತೋಯಾದ ಆ ಹಳೇ ಚರ್ಚಿನ ಬೀಗ ಕಾಯುವ ಅಸುಂತಜ್ಜಿಯ ಕೈಯಿಂದ ಕೀಗೊಂಚಲು ಝಲ್ಲನೆ ಬಿತ್ತು. "ಗೋಡೆಯಿಂದ ಇಳಿದು ಬಂದ್ಯೇನೇ ತಾಯಿ?"

ಇಸೊತ್ತಾಗೆ ನಗು ಬಂತು. "ಇಲ್ಲಜ್ಜಿ, ಫ್ಲಾರೆನ್ಸಿನಿಂದ ರೈಲಲ್ಲಿ ಬಂದೆ. ಪುರಾತತ್ವ ಇಲಾಖೆಯವಳು, ಚಿತ್ರ ದುರಸ್ತಿ ನೋಡೋಕೆ."

ಅಜ್ಜಿ ಕೀಗೊಂಚಲು ಎತ್ತಿಕೊಂಡು ವೆರ್ಜೆಲ್ಲಿ ಮನೆತನದ ಪ್ರಾರ್ಥನಾಕೋಣೆ ತೆರೆದು ದೀಪ ಹಾಕಿದಳು.

ಇಸೊತ್ತಾ ಗೋಡೆಯತ್ತ ತಲೆಯೆತ್ತಿದಳು.

ಚೂಪು ಕಮಾನಿನ ಕೆಳಗೆ, ಆರುನೂರು ವರ್ಷದ ಗೋಡೆಚಿತ್ರದಲ್ಲಿ ಮನೆಯೊಡೆಯ ಮಂಡಿಯೂರಿದ್ದ. ಎದುರಿಗೆ ಹೆಂಡತಿ. ತೇವಕ್ಕೆ ಅವಳ ಮುಖ ಉದುರಿ ಎಷ್ಟೋ ಕಾಲವಾಗಿತ್ತು. ಈಗ ಅಲ್ಲೊಂದು ಮುಖವಿತ್ತು... ಇಸೊತ್ತಾಳದೇ ಮುಖ! ಗಲ್ಲದ ಮಚ್ಚೆಯನ್ನೂ ಬಿಟ್ಟಿರಲಿಲ್ಲ.

ಹತ್ತಿರ ಹೋದರೆ ಬರೀ ಕೂದಲೆಳೆಯಂಥ ನೇರ ಗೆರೆಗಳು. ಹೀಗೆ ಗೆರೆ ಎಳೆಯುವ ಕೈ ಒಂದೇ. ಲಾಪೊ!

ದುರಸ್ತಿಗಾರನ ಹೆಸರು ಕಡತದಲ್ಲೇ ಇದ್ದಿರಬೇಕು, ರೈಲಲ್ಲಿ ಬಿಡಿಸಿ ನೋಡದೆ ನಿದ್ದೆ ಹೊಡೆದೆನಲ್ಲಾ!

ನಾಲ್ಕು ವರ್ಷದ ಹಿಂದೆ ಸಿಯೆನಾದಲ್ಲಿ ಇಬ್ಬರೂ ಜೊತೆಗೇ ದುರಸ್ತಿ ಕೆಲಸ ಮಾಡುತ್ತಿದ್ದರು. "ಫ್ಲಾರೆನ್ಸಲ್ಲಿ ಕೆಲಸ ಸಿಕ್ಕಿದೆ, ಹೋಗಲಾ?" ಎಂದಿದ್ದಳು. ಬೇಡ ಅನ್ನಲಿ ಅಂತಲೇ ಕೇಳಿದ್ದು. ಮಹಾರಾಯ "ಹೂಂ" ಅಂದು ಕುಂಚ ತೊಳೆಯುತ್ತ ಕೂತ. ನಾನು ಇವನಿಗೆ ಬೇಕಿಲ್ಲ ಎಂದುಕೊಂಡು ಹೊರಟುಬಿಟ್ಟಿದ್ದಳು.

ನೀರಿನ ಬಕೆಟ್ಟು ಹಿಡಿದು ಲಾಪೊ ಬಾಗಿಲಿಂದ ಒಳಗೆ ಬಂದ. ಅವಳನ್ನು ಕಂಡು ಬಕೆಟ್ಟು ಕೆಳಗಿಟ್ಟ. "ಬರೋದು ನೀನು ಅಂತ ಗೊತ್ತಿರ್ಲಿಲ್ಲ..."

"ತಲೆ ಕೆಟ್ಟಿದ್ಯಾ ನಿಂಗೆ? ಹೋದ ಮುಖ ಊಹಿಸಿ ಬರೀಬಾರ್ದು, ಖಾಲಿ ಬಿಡ್ಬೇಕು ಅಂತ ಕಲಿಸಿದವ್ನೇ ನೀನು! ಇದನ್ನ ವರದಿಗೆ ಹಾಕಿದ್ರೆ ಇನ್ನು ಜನ್ಮದಲ್ಲಿ ಯಾವ ಗೋಡೆನೂ ಮುಟ್ಟೋಕೆ ಬಿಡಲ್ಲ!"

"ಗೊತ್ತು. ಹಾಕು."

"ಯಾಕೋ ಮಾಡ್ದೆ?"

ಲಾಪೊ ಕುಂಚ ತೆಗೆದು ಬಕೆಟ್ಟಿನಲ್ಲಿ ತೊಳೆಯತೊಡಗಿದ. ಅಜ್ಜಿಗೆ ತಡೆಯಲಾಗಲಿಲ್ಲ. "ಬಾಯಲ್ಲಿ ಕಡುಬು ತುಂಬ್ಕೊಂಡಿದ್ಯೇನೋ? ದಿನಾ ಗೋಡೆ ಹತ್ರ ಪಿಸುಗುಟ್ತಿದ್ದೆ, ಈಗ ಹೇಳು!"

ಅವನು ಕುಂಚ ತೊಳೆಯುತ್ತಲೇ ಇದ್ದ. ಸಿಯೆನಾದಲ್ಲೂ ಹೀಗೇ!

ಇಸೊತ್ತಾ ಬಕೆಟ್ಟಿನಿಂದ ಸ್ಪಂಜು ತೆಗೆದಳು. ದುರಸ್ತಿಯ ಗೆರೆಗಳನ್ನು ನೀರುಬಣ್ಣದಲ್ಲೇ ಎಳೆಯುವುದು, ಮುಂದಿನವರಿಗೆ ತಪ್ಪೆನಿಸಿದರೆ ಒರೆಸಲಿ ಎಂದು. ತನ್ನ ಮುಖದ ಕಡೆಗೇ ಕೈ ಎತ್ತಿದಳು...

"ಬೇಡ!" ಲಾಪೊ ಕೂಗಿದ್ದಕ್ಕೆ ಕಮಾನು ಕಮಾನೂ ಗುಂಯ್‌ಗುಟ್ಟಿತು. "ಹೋಗ್ಬೇಡ ಇಸೊತ್ತಾ! ಅವತ್ತೇ ಹೇಳ್ಬೇಕಿತ್ತು. ನಿನ್ನ ದಾರಿಗೆ ಅಡ್ಡ ಬರಬಾರ್ದು ಅಂದ್ಕೊಂಡೆ... ನೀನಿಲ್ದೆ ನಂಗಾಗಲ್ಲ ಕಣೇ!"

ಇಸೊತ್ತಾಳ ಕಣ್ಣು ತುಂಬಿ ಹರಿಯಿತು. ಸ್ಪಂಜನ್ನು ಅವನ ಕೈಗಿಟ್ಟಳು.

"ನೀನೇ ಒರೆಸು. ಬರೆದವನೇ ಒರೆಸಿದ ಅಂತ ವರದೀಲಿ ಹಾಕ್ತೀನಿ. ಬೈಗುಳ ಬಿದ್ರೆ ಇಬ್ರೂ ಸೇರಿ ತಿನ್ನೋಣ."

"ಒರೆಸಿಬಿಟ್ರೆ... ನಾನು ಯಾರನ್ನ ನೋಡ್ಲಿ?"

"ಇಷ್ಟುದ್ದ ನಾನು ನಿಂತಿಲ್ವೇನೋ, ದಡ್ಡ!"