ಮಂಡಿಯಲ್ಲಿ ಅಮ್ಮನ ತೂಕ

ಮುಳ್ಳು ಓಡಿತು. ಎಂಬತ್ತು ದಾಟಿತು, ನೂರು ದಾಟಿತು, ನೂರಾ ಇಪ್ಪತ್ತಕ್ಕೆ ಬಂದು ಟಕ್ಕಂತ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಹೋಗಲು ಅದಕ್ಕೆ ದಾರಿಯೇ ಇರಲಿಲ್ಲ. ತಕ್ಕಡಿಯ ಮೇಲಿನ ಅಂಕಿಗಳು ಅಲ್ಲಿಗೇ ಮುಗಿದಿದ್ದವು.

"ಇಳೀರಿ ಕಲ್ಪನ, ಇಳೀರಿ," ಅಂದರು ಡಾಕ್ಟರು.

"ಪಾಪ, ಅದಕ್ಕೂ ಸುಸ್ತಾಗಿರಬೇಕು ಸಾರ್," ಅಂದಳು ಅಮ್ಮ.

ಅಪ್ಪ ನಗಲಿಲ್ಲ. ಡಾಕ್ಟರೂ ನಗಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಲಿಖಿತ ಮಾತ್ರ ಕಿಸಕ್ಕೆಂದಳು.

ಕತೆ ಹೇಳುವವರು ಒಂದಕ್ಕೆ ಎರಡು ಸೇರಿಸುತ್ತಾರೆ ಅನ್ನುವುದು ನಿಮಗೂ ಗೊತ್ತು. ಆದರೆ ಇದು ತೂಕದ ಕತೆ, ನಿಜವಾದ ಕತೆ. ಒಂದು ಗ್ರಾಮೂ ಸೇರಿಸಿಲ್ಲ, ಒಂದು ಗ್ರಾಮೂ ಕದ್ದಿಲ್ಲ.

ಡಾಕ್ಟರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ನೋಡಮ್ಮ, ಶುಗರ್ ಮುನ್ನೂರರ ಮೇಲಿದೆ. ಬಿಪಿ ಇಳೀತಿಲ್ಲ. ಮಲಗಿದಾಗ ಉಸಿರು ನಿಂತು ನಿಂತು ಬರುತ್ತೆ ಅಂತೀರಿ. ಹಾರ್ಟ್ ಎಷ್ಟು ದಿನ ತಡ್ಕೊಳ್ಳುತ್ತೆ? ಆ ಆಪರೇಷನ್ ಬಗ್ಗೆ ಯೋಚನೆ ಮಾಡೋ ಟೈಮ್ ಬಂದಿದೆ."

"ಅಮ್ಮನ ಹೊಟ್ಟೆ ಕಟ್ ಮಾಡ್ತಾರಾ ಸಾರ್?" ಲಿಖಿತ ಕೇಳಿದಳು.

"ಒಳಗಿರೋ ಹೊಟ್ಟೇನ ಚಿಕ್ಕದು ಮಾಡ್ತಾರೆ ಪುಟ್ಟಿ. ಆಮೇಲೆ ತೂಕ ಇಳಿಯುತ್ತೆ, ಶುಗರ್ ಹಿಡಿತಕ್ಕೆ ಬರುತ್ತೆ. ಆದ್ರೆ ಹಲ್ಲು ಕೀಳಿಸಿದಷ್ಟು ಸುಲಭ ಅಲ್ಲ. ಬೆಂಗಳೂರಿನ ಡಾಕ್ಟರು ಮೊದಲು ನೋಡ್ಬೇಕು, ಟೆಸ್ಟ್ ಮಾಡ್ಬೇಕು. ಮಾಡೋದೋ ಬೇಡ್ವೋ ಅಂತ ಅವರು ಹೇಳ್ತಾರೆ."

"ನಮ್ಮನೇಲಿ ಎಲ್ರಿಗಿಂತ ಕಮ್ಮಿ ತಿನ್ನೋಳೇ ಇವಳು ಸಾರ್," ಅಂದ ಅಪ್ಪ. "ಅರ್ಧ ಮುದ್ದೆ ತಿಂದು ಎದ್ದುಬಿಡ್ತಾಳೆ."

"ಗೊತ್ತು ವೇಣು. ತಿನ್ನೋದೊಂದೇ ಕಾರಣ ಅಲ್ಲ. ಇದೂ ಒಂದು ಕಾಯಿಲೆನೇ." ಡಾಕ್ಟರು ಕಾಗದ ಎಳೆದುಕೊಂಡರು. "ನಿಮ್ಮನ್ನ ನೋಡೋಕೆ ಬೆಂಗಳೂರಿನವರು ಗುರುವಾರಕ್ಕೆ ಡೇಟ್ ಕೊಟ್ಟಿದ್ದಾರೆ. ಕಾಗದದಲ್ಲಿ ಸರಿಯಾದ ತೂಕ ಬರೀಬೇಕು. ಸಂಜೆ ಒಳಗೆ ಎಲ್ಲಾದ್ರೂ ತೂಗಿಸ್ಕೊಂಡು ಬನ್ನಿ."

"ಎಲ್ಲಾದ್ರೂ ಅಂದ್ರೆ ಎಲ್ಲಿ ಸಾರ್?" ಅಂದಳು ಅಮ್ಮ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

*

ಅಮ್ಮ ಹಳೇ ಚಿನ್ನದ ಗಣಿಯ ಕಾಲೊನಿ ಕೋರಮಂಡಲ್‌ನ ಅಂಗನವಾಡಿಯಲ್ಲಿ ಟೀಚರು. ಅಪ್ಪ ಆಟೋ ಓಡಿಸುತ್ತಾನೆ. ಲಿಖಿತ ಐದನೇ ಕ್ಲಾಸು. ಅವಳ ಕೆಲಸ ಏನು ಅಂದರೆ, ಊರಿನವರೆಲ್ಲರ ದನಿ ಕದಿಯುವುದು.

ಹೆಡ್‌ಮಾಸ್ಟರ ಕೆಮ್ಮು, ಸೊಪ್ಪಿನವಳ ಕೂಗು, ಬಂಗಾರಪೇಟೆ ಸ್ಟೇಷನ್ನಿನ ಮೈಕಿನಲ್ಲಿ ಮೂಗಿನಿಂದ ಮಾತಾಡುವ ಹೆಂಗಸು, ಎಲ್ಲರೂ ಅವಳ ಗಂಟಲೊಳಗೆ ಬಾಡಿಗೆಗಿದ್ದರು. ಒಂದು ಸಲ ಮೈಕಿನ ದನಿಯಲ್ಲಿ "ಮಾರಿಕುಪ್ಪಂಗೆ ಹೋಗುವ ಗಾಡಿ ಒಂದು ಗಂಟೆ ತಡವಾಗಿ ಬರುತ್ತದೆ" ಅಂದಿದ್ದಕ್ಕೆ, ಬೆಂಚಿನ ಮೇಲಿದ್ದ ಇಬ್ಬರು ನಿಜವಾಗಿಯೂ ಟೀ ಕುಡಿಯಲು ಎದ್ದು ಹೋಗಿದ್ದರು. ಅವತ್ತು ಎಲ್ಲರಿಗಿಂತ ಹೆಚ್ಚು ಮೆಚ್ಚಿಕೊಂಡವಳು ಅಮ್ಮನೇ.

ಅಪ್ಪ ಆಟೋವನ್ನು ಹುಣಸೆಹಣ್ಣಿನ ಮಂಡಿಯ ಕಡೆ ತಿರುಗಿಸಿದ. "ಕದಿರಪ್ಪ ಮಾಮ ತೂಕ ಹಾಕೋ ಕಡೆ ದೊಡ್ಡ ತಕ್ಕಡಿ ಐತೆ. ಮುನ್ನೂರು ಕೆಜಿ ತಡೀತದೆ."

"ಮೂಟೆ ತೂಗೋ ತಕ್ಕಡೀಲಾ?" ಅಂದಳು ಅಮ್ಮ.

"ಇನ್ನೆಲ್ಲಿಗೆ ಹೋಗೋಣ ಹೇಳು?"

ಅಮ್ಮ ಸೆರಗನ್ನು ಹೆಗಲ ಸುತ್ತ ಎಳೆದುಕೊಂಡಳು.

ಕದಿರಪ್ಪ ಮಂಡಿಯ ಬಾಗಿಲಲ್ಲೇ ನಿಂತಿದ್ದರು. ಹೆಗಲ ಮೇಲೆ ಟವೆಲ್ಲು, ಕಿವಿಗೆ ಸಿಕ್ಕಿಸಿದ ಪೆನ್ನು. "ಬಾಮ್ಮ, ಬಾ. ಅಮಾಲಿಗಳೆಲ್ಲ ಊಟಕ್ಕೆ ಓಗವ್ರೆ. ಯಾರೂ ಬರಾಕಿಲ್ಲ."

ಒಳಗೆ ತಂಪಾಗಿತ್ತು. ಹುಳಿ ವಾಸನೆಗೆ ಲಿಖಿತಳ ಬಾಯಲ್ಲಿ ನೀರು ಬಂತು. ಗೋಡೆಯುದ್ದಕ್ಕೂ ಮೂಟೆಗಳು. ನಡುವೆ ಕಬ್ಬಿಣದ ತಕ್ಕಡಿ, ಅದಕ್ಕೊಂದು ಕೆಂಪಗೆ ಅಂಕಿ ತೋರಿಸುವ ಪೆಟ್ಟಿಗೆ.

ಅಂಕಿ ಕಣ್ಣಿಗೆ ಕಾಣುತ್ತಿದ್ದರೂ ಕದಿರಪ್ಪ ಇವತ್ತಿಗೂ ತೂಕವನ್ನು ಕೂಗಿಯೇ ಹೇಳುತ್ತಿದ್ದರು. ಮೊದಲನೇ ಮೂಟೆಗೆ "ಒಂದು" ಅನ್ನುವ ಹಾಗಿಲ್ಲ, "ಲಾಭ" ಅನ್ನಬೇಕು. ಆಮೇಲೆ ತೂಕ. ಕೊನೆಗೆ "ಎತ್ರಲೇ!" ಆ ಕೂಗು ಬಿದ್ದ ತಕ್ಷಣ ಹಮಾಲಿಗಳು ಎಲ್ಲಿದ್ದರೂ ಕೊಕ್ಕೆ ಹಿಡಿದು ಓಡಿ ಬಂದು ಮೂಟೆ ಎತ್ತುತ್ತಿದ್ದರು. ಅಪ್ಪನ ಜೊತೆ ಬಂದಾಗಲೆಲ್ಲ ಲಿಖಿತ ಆ ಕೂಗನ್ನು ಬಾಯಿ ಬಿಟ್ಟುಕೊಂಡು ಕೇಳಿದ್ದಳು.

ಕದಿರಪ್ಪ ತಮ್ಮ ಟವೆಲ್ಲನ್ನು ಕೆಂಪು ಅಂಕಿಯ ಮೇಲೆ ಹೊದಿಸಿದರು. "ನಾನೊಬ್ನೇ ನೋಡಿ ಚೀಟೀಲಿ ಬರ್ದುಕೊಡ್ತೀನಿ. ಹತ್ತಮ್ಮ."

ಅಮ್ಮ ಚಪ್ಪಲಿ ಬಿಟ್ಟಳು. ಬಾಗಿಲ ಕಡೆ ಒಮ್ಮೆ ನೋಡಿದಳು. ಅಪ್ಪನ ಹೆಗಲು ಹಿಡಿದು ತಕ್ಕಡಿ ಹತ್ತಿದಳು.

ಕದಿರಪ್ಪ ಟವೆಲ್ಲಿನ ತುದಿ ಎತ್ತಿ ಬಗ್ಗಿ ನೋಡಿದರು. ಲಿಖಿತ ಅವರ ಮೊಣಕೈ ಕೆಳಗೆ ತಲೆ ತೂರಿಸಿ ನೋಡಿದಳು. ೧೩೧.

ಆಮೇಲೆ ಎಷ್ಟೋ ದಿನ ಅವಳು ತನ್ನನ್ನೇ ಕೇಳಿಕೊಂಡಳು. ಯಾಕೆ ಕೂಗಿದೆ? ಸೀನು ಬಂದ ಹಾಗೆ ಬಂದುಬಿಟ್ಟಿತ್ತು. ಅಮ್ಮ ನಗುತ್ತಾಳೆ ಅಂದುಕೊಂಡಿದ್ದಳು, ಅಷ್ಟೇ.

"ಲಾ...ಆಆ...ಭಾ! ನೂರಾ ಮೂವತ್ತೊಂದೂ! ಎತ್ರಲೇ!"

ಕದಿರಪ್ಪನ ದನಿಯೇ. ಅದೇ ಎಳೆತ, ಅದೇ ಗುಡುಗು. ಸ್ವತಃ ಕದಿರಪ್ಪನೇ ತಮ್ಮ ಬಾಯಿ ಮುಟ್ಟಿ ನೋಡಿಕೊಂಡರು.

ಹಿಂದಿನ ಶೆಡ್ಡಿನಲ್ಲಿ ಊಟದ ಡಬ್ಬಿ ಮುಚ್ಚಿದ ಸದ್ದಾಯಿತು. ದಡದಡ ಹೆಜ್ಜೆ. ಇಬ್ಬರು ಹಮಾಲಿಗಳು ಎಂಜಲು ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾ, ಕೊಕ್ಕೆ ಹಿಡಿದು ಓಡಿ ಬಂದರು.

"ಮೂಟೆ ಎಲ್ಲೈತಣ್ಣ?"

ತಕ್ಕಡಿಯ ಮೇಲೆ ಅಮ್ಮ ನಿಂತಿದ್ದಳು.

ಮುಂದಿದ್ದವನು ಕೊಕ್ಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ತಪ್ಪಾಯ್ತಮ್ಮ... ಕೂಗು ಕೇಳಿಸ್ತು, ಬಂದ್ಬಿಟ್ವಿ."

ಅಷ್ಟರಲ್ಲಿ ಶೆಡ್ಡಿನೊಳಗಿಂದ ಇನ್ನೊಂದು ದನಿ ಬಂತು. ಅವನಿಗೆ ಇಲ್ಲಿ ಏನು ನಡೆದಿದೆ ಅನ್ನುವುದೇ ಗೊತ್ತಿರಲಿಲ್ಲ. "ನೂರಾ ಮೂವತ್ತಾ? ಇಬ್ರು ಸಾಲಲ್ಲ ಕಣ್ಲಾ, ನಾನೂ ಬತ್ತೀನಿ ಇರು!"

ಲಿಖಿತಳಿಗೆ ನಗು ಬಂತು. ಅರ್ಧ ನಕ್ಕಳು. ಅಮ್ಮನ ಮುಖ ನೋಡಿದಳು. ಉಳಿದರ್ಧವನ್ನು ಅಂಗೈಯಿಂದ ಮುಚ್ಚಿಕೊಂಡಳು.

ಅಮ್ಮ ಇಳಿದಳು. ಚಪ್ಪಲಿಗೆ ಕಾಲು ತೂರಿಸಲು ಹೋದಳು, ಆಗಲಿಲ್ಲ. ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಆಟೋವರೆಗೆ ಬರಿಗಾಲಲ್ಲಿ ನಡೆದಳು.

*

"ನಾನು ಬೆಂಗಳೂರಿಗೆ ಬರಲ್ಲ."

ಮನೆಗೆ ಬಂದ ಮೇಲೆ ಅಮ್ಮ ಹೇಳಿದ್ದು ಅಷ್ಟೇ.

"ಮಗು ಏನೋ ಹುಡುಗಾಟಕ್ಕೆ ಕೂಗ್ತು..." ಅಪ್ಪ ಶುರು ಮಾಡಿದ.

"ಅವಳನ್ನ ಯಾಕೆ ಅಂತೀಯ? ಅವಳಲ್ದಿದ್ರೆ ಇನ್ನೊಬ್ರು. ಅಲ್ಲಿ ಎಷ್ಟು ಜನ ತೂಗ್ತಾರೋ, ಎಷ್ಟು ಜನ ನೋಡ್ತಾರೋ. ಆಪರೇಷನ್ ಅಂದ್ರೆ ಭಯ ಇತ್ತು ನಂಗೆ. ಹೆಂಗೋ ಧೈರ್ಯ ಮಾಡ್ಕೊಂಡಿದ್ದೆ. ಈಗ ಬೇಡ ಬಿಡು."

ಲಿಖಿತ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅಮ್ಮ ಬೈದಿದ್ದರೆ ಚೆನ್ನಾಗಿತ್ತು. ಎರಡು ಬಿಟ್ಟಿದ್ದರೆ ಇನ್ನೂ ಚೆನ್ನಾಗಿತ್ತು.

ಗುರುವಾರ ಬಂತು. ಆರೂವರೆ ಗಾಡಿ ಕೂಗಿಕೊಂಡು ಬೆಂಗಳೂರಿನ ಕಡೆ ಹೋಯಿತು. ಅಮ್ಮ ಒಲೆಯ ಮುಂದೆ ಕೂತಿದ್ದಳು. ಅಪ್ಪ ಇಸ್ತ್ರಿ ಮಾಡಿಸಿದ್ದ ಶರ್ಟನ್ನು ಮಡಿಸಿ ಒಳಗಿಟ್ಟ.

"ತಪ್ಪಾಯ್ತಮ್ಮ" ಅನ್ನಲು ಲಿಖಿತ ನೂರು ಸಲ ಬಾಯಿ ತೆರೆದಳು. ಅವಳಿಗೆ ಎಲ್ಲರ ದನಿಯೂ ಬರುತ್ತಿತ್ತು. ಈ ಮಾತಿಗೆ ಮಾತ್ರ ತನ್ನದೇ ದನಿ ಬೇಕಾಗಿತ್ತು, ಅದು ಎಲ್ಲಿ ಅಡಗಿ ಕೂತಿತ್ತೋ.

ಸ್ಕೂಲಿನಲ್ಲಿ ಗೆಳತಿಯರು "ಲೇ, ಹೆಡ್‌ಮಾಸ್ಟರ್ ತರ ಕೆಮ್ಮೇ" ಅಂದರು.

"ಗಂಟಲು ನೋವು," ಅಂದಳು.

ಅಮ್ಮ ಅಂಗನವಾಡಿಯ ಮೂರು ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲುತ್ತಿದ್ದಳು. ಮೊದಲೂ ನಿಲ್ಲುತ್ತಿದ್ದಳೇನೋ. ಲಿಖಿತ ಎಣಿಸಲು ಶುರು ಮಾಡಿದ್ದು ಈಗ.

*

ಎಂಟನೇ ತಾರೀಖು, ಶನಿವಾರ. ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದಿನ. ಆಯಾ ರಜೆ ಹಾಕಿದ್ದಳು. ಅಮ್ಮನಿಗೆ ಬಗ್ಗಿ ಮಕ್ಕಳನ್ನು ಎತ್ತಲು ಆಗುತ್ತಿರಲಿಲ್ಲ. ಅರ್ಧ ದಿನದ ಸ್ಕೂಲು ಮುಗಿಸಿ ಲಿಖಿತ ನೇರ ಅಲ್ಲಿಗೇ ಬಂದಳು.

ಜಂತೆಗೆ ತಕ್ಕಡಿ ತೂಗುಹಾಕಿತ್ತು. ಅದರ ಕೊಕ್ಕೆಗೆ ಬಟ್ಟೆಯ ಚಡ್ಡಿ. ಲಿಖಿತ ಒಂದೊಂದೇ ಮಗುವನ್ನು ಚಡ್ಡಿಯೊಳಗೆ ಇಳಿಸಿದಳು. ಕೆಲವು ಕಾಲು ಒದ್ದವು, ಕೆಲವು ಉಯ್ಯಾಲೆ ಅಂದುಕೊಂಡು ಕೇಕೆ ಹಾಕಿದವು.

ರಾಧ ಬಂದಳು. ಗಣಿ ಮನೆಗಳ ಮೂರು ಲೈನು ಆಚೆಯ ಮನೆ ಅವಳದು, ಕೂಲಿಗೆ ಹೋಗುವ ಹೆಂಗಸು. ಸೊಂಟದಲ್ಲಿ ಗಿರಿ. ಎರಡು ವರ್ಷದ ಹುಡುಗ, ಕೈಕಾಲು ಬೆಂಕಿಕಡ್ಡಿಯ ಹಾಗೆ. ಬಾಗಿಲಲ್ಲೇ ನಿಂತಳು.

"ಬಾ ರಾಧ. ನಿನ್ನೇ ಕಾಯ್ತಿದ್ದೆ," ಅಂದಳು ಅಮ್ಮ.

ಗಿರಿಯನ್ನು ಚಡ್ಡಿಯಲ್ಲಿ ಕೂರಿಸಿದರೆ ತಕ್ಕಡಿಯ ಮುಳ್ಳು ಸ್ವಲ್ಪವೇ ಸರಿಯಿತು. ಅಮ್ಮ ತಕ್ಕಡಿಗೆ ಅಡ್ಡವಾಗಿ ನಿಂತು, ತನ್ನ ಅಗಲವಾದ ಬೆನ್ನಿನಿಂದ ಅದನ್ನು ಪೂರ್ತಿ ಮುಚ್ಚಿಬಿಟ್ಟಳು. ಅಂಕಿ ನೋಡಿದಳು. ರಾಧಳ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು.

"ಎಷ್ಟಂತೆ ಟೀಚರ್ ಗಿರೀದು?" ಹಿಂದಿನಿಂದ ಒಬ್ಬಾಕೆ ಇಣುಕಿದಳು.

"ಹೋದ್ ಸಲಕ್ಕಿಂತ ಜಾಸ್ತಿ," ಅಂದಳು ಅಮ್ಮ. "ನಿನ್ನ ಮಗಳನ್ನ ಕರ್ಕೊಂಡು ಬಾ, ಹೋಗು."

ರಾಧ ತಲೆ ಬಗ್ಗಿಸಿಕೊಂಡು ಅಮ್ಮ ಹೇಳಿದ್ದನ್ನೆಲ್ಲ ಕೇಳಿದಳು: ಮೊಟ್ಟೆ, ಪುಷ್ಟಿ ಹಿಟ್ಟು, ಸೋಮವಾರ ಆಸ್ಪತ್ರೆ. "ಸರಿಂಗ ಟೀಚರ್, ಕಂಡಿತಾ ಹೋಗ್ತೀನಿ," ಅಂದು ಗಿರಿಯನ್ನು ಎತ್ತಿಕೊಂಡು ಮೂಲೆಯಲ್ಲಿ ಕೂತಳು.

"ಅವಳಿಗ್ಯಾಕಮ್ಮ ಕಿವೀಲಿ ಹೇಳಿದ್ದು?" ಲಿಖಿತ ಮೆಲ್ಲಗೆ ಕೇಳಿದಳು.

"ಎರಡು ತಿಂಗಳು ಅವಳು ಮಗೂನ ಕರ್ಕೊಂಡೇ ಬಂದಿರಲಿಲ್ಲ ಕಣೇ," ಅಮ್ಮ ಪುಸ್ತಕದಲ್ಲಿ ಬರೆಯುತ್ತಾ ಅಂದಳು. "ಇಲ್ಲೇ ಯಾರೋ ತೂಕ ಕೇಳಿ ನಕ್ಕರಂತೆ. ಅವಮಾನ ಆಯ್ತು ಅಂತ ಮನೇಲಿ ಕೂತ್ಲು. ಆ ಎರಡು ತಿಂಗಳಲ್ಲಿ ಮಗು ಹೆಂಗಾಗಿದೆ ನೋಡು. ನಕ್ಕೋರಿಗೇನು, ನಕ್ಕು ಹೋದ್ರು. ಇವಳು ಬರಬೇಕಿತ್ತು..."

ಅಮ್ಮನ ಪೆನ್ನು ನಿಂತಿತು.

ಲಿಖಿತ ಚಡ್ಡಿಯ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅಮ್ಮ." ದನಿ ಸಣ್ಣದಾಗಿ, ಒಡಕಾಗಿ ಬಂತು. ಯಾರ ದನಿಯ ಹಾಗೂ ಇರಲಿಲ್ಲ. "ಅವತ್ತು ಮಂಡೀಲಿ... ನಾನು ಕೂಗಬಾರದಿತ್ತು."

ಅಮ್ಮ ಗಿರಿಯ ಸಾಲನ್ನು ಪೂರ್ತಿ ಬರೆದಳು. ಆಮೇಲೆ ಪೆನ್ನು ಮುಚ್ಚಿ, ಮೊಬೈಲ್ ತೆಗೆದು, ಬೆಂಗಳೂರಿನ ಆಸ್ಪತ್ರೆಯ ನಂಬರ್ ಒತ್ತಿ ಸ್ಪೀಕರ್‌ಗೆ ಹಾಕಿದಳು.

"ಗುರುವಾರ ನೀವು ಬರಲೇ ಇಲ್ಲ ಮೇಡಂ," ಅಂತು ಆ ಕಡೆಯ ಹುಡುಗಿಯ ದನಿ. "ಇನ್ನು ಮುಂದಿನ ತಿಂಗಳು ಹದಿನೆಂಟಕ್ಕೇ. ಅದಕ್ಕೆ ಮುಂಚೆ ಒಂದೂ ಖಾಲಿ ಇಲ್ಲ."

"ಸ್ವಲ್ಪ ಬೇಗ ನೋಡಮ್ಮ. ರಾತ್ರಿ ಉಸಿರು ಕಟ್ಟುತ್ತೆ ನಂಗೆ."

"ಇಲ್ಲ ಮೇಡಂ. ಜಾಸ್ತಿ ಆದ್ರೆ ಕಾಯ್ಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗ್ಬಿಡಿ."

ಲಿಖಿತ ಬೆರಳು ಮಡಿಸಿದಳು. ಬೆರಳು ಸಾಲದೆ ಗೋಡೆಯ ಕ್ಯಾಲೆಂಡರ್ ನೋಡಿದಳು. ನಲವತ್ತೊಂದು ದಿನ. ನಲವತ್ತೊಂದು ರಾತ್ರಿ. ಗುರುವಾರ ಹೋಗಿದ್ದರೆ ಇಷ್ಟು ಹೊತ್ತಿಗೆ ಟೆಸ್ಟೆಲ್ಲ ಮುಗಿದಿರುತ್ತಿತ್ತು.

"ಆಯ್ತು, ಬರ್ಕೊಳಮ್ಮ," ಅಂದಳು ಅಮ್ಮ.

"ವೆಯ್ಟ್ ಎಷ್ಟು ಮೇಡಂ?"

ಅಂಗನವಾಡಿಯಲ್ಲಿ ಹತ್ತು ಹನ್ನೆರಡು ತಾಯಂದಿರು ಕೂತಿದ್ದರು. ಅಮ್ಮ ಸ್ಪೀಕರ್ ಆಫ್ ಮಾಡಲಿಲ್ಲ. "ನೂರಾ ಮೂವತ್ತೊಂದು," ಅಂದಳು. ಯಾರೂ ನಗಲಿಲ್ಲ.

"ಶುಗರ್ ಇದೆಯಾ? ಬಿಪಿ?"

"ಎರಡೂ ಇದೆ."

ಅಷ್ಟರಲ್ಲಿ ತಕ್ಕಡಿಗೆ ಕಾದು ಕೂತಿದ್ದ ಒಂದು ಮಗು ಅಳಲು ಶುರು ಮಾಡಿತು. ಅದನ್ನು ನೋಡಿ ಇನ್ನೊಂದು ಅತ್ತಿತು. ಮೂಲೆಯಲ್ಲಿ ಎರಡು ಮಕ್ಕಳು ಒಂದು ಬಕೆಟ್ಟಿಗಾಗಿ ಕಿತ್ತಾಡುತ್ತಿದ್ದವು. ಫೋನಿನ ಹುಡುಗಿ ದನಿ ಏರಿಸಿದಳು. "ಮೇಡಂ, ಮಕ್ಕಳೆಷ್ಟು ನಿಮಗೆ?"

ಅಮ್ಮ ಸುತ್ತ ಒಮ್ಮೆ ಕಣ್ಣಾಡಿಸಿದಳು.

"ಇಪ್ಪತ್ತಾರು," ಅಂದಳು.

ಆ ಕಡೆ ಕೀಬೋರ್ಡಿನ ಟಕಟಕ ನಿಂತುಹೋಯಿತು.

"ಮೇಡಂ... ಎಷ್ಟಂದ್ರಿ?"

ಮೊದಲು ರಾಧ ನಕ್ಕಳು. ಆಮೇಲೆ ತಾಯಂದಿರೆಲ್ಲ ನಕ್ಕರು. ಯಾಕೆ ಅಂತ ಗೊತ್ತಿಲ್ಲದೆ ಮಕ್ಕಳೂ ಅಳು ಬಿಟ್ಟು ನಕ್ಕವು. ಅಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಹೊಟ್ಟೆ ಕುಲುಕಿ, ಕಣ್ಣಲ್ಲಿ ನೀರು ಬಂದು, ಉಸಿರು ಸಿಕ್ಕದೆ, ಮಗಳ ಹೆಗಲ ಮೇಲೆ ಕೈ ಊರಿ ಮತ್ತೂ ನಕ್ಕಳು.

ಕೈ ಭಾರವಾಗಿತ್ತು. ಲಿಖಿತ ಕಾಲುಗಳನ್ನು ಅಗಲಿಸಿ ಗಟ್ಟಿಯಾಗಿ ನಿಂತಳು. ನಗುವಿನ ನಡುನಡುವೆ ಅಮ್ಮ ಎಳೆದುಕೊಳ್ಳುತ್ತಿದ್ದ ಉಸಿರನ್ನು ಕೇಳುತ್ತಾ, ಅವಳ ನಗು ಮುಗಿಯುವ ತನಕ ಕದಲಲಿಲ್ಲ.